ಅತ್ತಿಗೆಯ ಹತ್ತಿರವಿದ್ದ ಬೀಗದ ಕೈ

ನನಗೆ ಎರಡು ಮನೆಗಳಿವೆ. ಈಗ ಹೀಗೆ ಹೇಳಲು ನಾಲಿಗೆ ಏಳುವುದಿಲ್ಲ. ಎರಡು ವರ್ಷದ ಹಿಂದೆ ಮಾತ್ರ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳದವರನ್ನೂ ಕೂರಿಸಿಕೊಂಡು ಹೇಳಿದ್ದೆ. ಒಂದು ಮಧುಗಿರಿಯಲ್ಲಿದೆ, ನನ್ನ ಗಂಡನ ಅಪ್ಪ ಕಟ್ಟಿಸಿದ್ದು, ನಾವು ಇರುವುದು ಅಲ್ಲೇ. ಇನ್ನೊಂದು ಕೊರಟಗೆರೆ ತಾಲ್ಲೂಕಿನಲ್ಲಿ, ಸಿದ್ದರಬೆಟ್ಟದ ಬುಡದಲ್ಲಿರುವ ನನ್ನ ತವರೂರಿನಲ್ಲಿದೆ. ಅದನ್ನು ಕಟ್ಟಿಸಿದವಳು ನಾನು. ಅಲ್ಲಿ ಯಾರೂ ಇರುವುದಿಲ್ಲ.

ನಾನು ಒಬ್ಬಳೇ ಮಗಳು. ಅಮ್ಮ ಮೊದಲು ಹೋದಳು, ಅಪ್ಪ ಆಮೇಲೆ. ಅಣ್ಣತಮ್ಮಂದಿರಿಲ್ಲದ ಹೆಣ್ಣಿಗೆ ಅಪ್ಪ ಅಮ್ಮ ಹೋದ ಮೇಲೆ ತವರು ಅಂದರೆ ಬರೀ ಗೋಡೆ. ಆ ಗೋಡೆಯೂ ಬಿದ್ದುಹೋಗುತ್ತಿತ್ತು. ನನ್ನ ಹಟ ನಿಮಗೆ ಅರ್ಥವಾಗಬೇಕಾದರೆ ಮಧುಗಿರಿಯ ಮನೆಯ ಅಡುಗೆ ಕೋಣೆ ನೋಡಬೇಕು. ಇಪ್ಪತ್ತಾರು ವರ್ಷದಿಂದ ಅಲ್ಲಿ ಒಲೆ ಹಚ್ಚುತ್ತಿದ್ದೇನೆ. ನಮ್ಮತ್ತೆ ಹೋಗಿ ಆರು ವರ್ಷವಾಯಿತು, ಉಪ್ಪಿನ ಜಾಡಿ ಇವತ್ತಿಗೂ ಅವರು ಇಟ್ಟ ಮೂಲೆಯಲ್ಲೇ ಇದೆ. ಸರಿಸಿದರೆ ಮನೆಯವರೆಲ್ಲ ಹುಡುಕಾಡುತ್ತಾರೆ. ಹುಟ್ಟಿದ ಮನೆಯಲ್ಲಿ 'ನೀನು ಬೇರೆ ಮನೆಗೆ ಹೋಗುವವಳು' ಅಂದರು, ಬಂದ ಮನೆಯಲ್ಲಿ 'ನೀನು ಬೇರೆ ಮನೆಯಿಂದ ಬಂದವಳು' ಅಂದರು. ನನ್ನದು ಅನ್ನುವ ಒಂದು ಉಪ್ಪಿನ ಜಾಡಿಯನ್ನು ನಾನು ಹೇಳಿದ ಕಡೆ ಇಡಬೇಕು ಅಂತ ಅಪ್ಪನ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದೆ. ಎರಡು ರೂಮು, ಹಾಲು, ನೆಲಕ್ಕೆ ಗ್ರಾನೈಟು, ಒಳಗೆಲ್ಲ ಬಿಳಿ ಬಣ್ಣ. ಬಣ್ಣದವನು "ಹಳ್ಳೀಲಿ ಬಿಳಿ ನಿಲ್ಲಲ್ಲ ಮೇಡಂ" ಅಂದರೂ ಕೇಳಲಿಲ್ಲ. ಉಪ್ಪಿನ ಜಾಡಿಯನ್ನು ಕಿಟಕಿಯ ಪಕ್ಕ ಇಟ್ಟೆ. ವರ್ಷದಲ್ಲಿ ನಾನು ಅಲ್ಲಿ ಉಪ್ಪು ಹಾಕಿ ಅಡುಗೆ ಮಾಡುವುದು ಹೆಚ್ಚೆಂದರೆ ಹದಿನೈದು ದಿನ.

ನಮ್ಮ ಬೀದಿಯಲ್ಲಿ ಬೀಗ ಹಾಕಿದ ಮನೆಗಳು ಐದಾರು ಇದ್ದವು. ಬೆಟ್ಟ ಹತ್ತಲು ಬರುವ ಬೆಂಗಳೂರಿನವರು ಊರು ಚೆನ್ನಾಗಿದೆ ಅಂತ ಜಾಗ ಕೊಂಡು ಮನೆ ಕಟ್ಟಿದರು. ತುಮಕೂರಿನ ಕಂಟ್ರಾಕ್ಟರೊಬ್ಬರು ಮಹಡಿ ಎಬ್ಬಿಸಿದರು. ಭಾನುವಾರ ಕಾರು ಬರುತ್ತವೆ, ಹಾಡು ಕೇಳುತ್ತದೆ, ಸೋಮವಾರ ನಾಯಿಯೂ ಬೊಗಳುವುದಿಲ್ಲ. ಊರಿನ ಶಾಲೆಗೆ ಬಂದ ಹೊಸ ಮೇಡಂ ಬಾಡಿಗೆಗೆ ಒಂದು ಕೋಣೆ ಸಿಗದೆ ದಿನಾ ಕೊರಟಗೆರೆಯಿಂದ ಬಸ್ಸಿನಲ್ಲಿ ಓಡಾಡುತ್ತಾಳೆ. "ಊರೆಲ್ಲ ಮನೆ, ಇರೋಕೆ ಒಂದು ಮನೆ ಇಲ್ಲ, ಎಂಥ ಜನ ಇವರು!" ಅಂತ ನಾನು ಬೆಂಗಳೂರಿನವರನ್ನು ಬೈಯುತ್ತಿದ್ದೆ. ಬೀಗದ ಮನೆಗಳನ್ನು ಎಣಿಸುವಾಗ ನನ್ನದನ್ನು ಬಿಟ್ಟು ಎಣಿಸುತ್ತಿದ್ದೆ. ನನ್ನದು ತವರು ತಾನೆ, ಅದು ಲೆಕ್ಕಕ್ಕೆ ಹೇಗೆ ಬರುತ್ತದೆ!

ನನ್ನ ಮನೆಯ ಬೀಗದ ಕೈ ಇರುತ್ತಿದ್ದದ್ದು ಎದುರು ಮನೆಯ ಅತ್ತಿಗೆಯ ಹತ್ತಿರ. ಅತ್ತಿಗೆ ಅಂದರೆ ರಕ್ತಸಂಬಂಧವೇನಿಲ್ಲ, ಜಾತಿಯೂ ಒಂದಲ್ಲ. ಅವರದು ಕುರಿ ಸಾಕುವ ಮನೆ, ನಮ್ಮದು ಹೊಲ ಉಳುವ ಮನೆ. ಎದುರು ಮನೆಯ ಅಣ್ಣ ಶಿರಾ ಕಡೆಯ ಬರಗೂರಿನಿಂದ ಮದುವೆ ಮಾಡಿಕೊಂಡು ಬಂದಾಗ ನನಗೆ ಹದಿಮೂರೋ ಹದಿನಾಲ್ಕೋ. ಅವಳು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅವತ್ತಿನಿಂದ ಅವಳು ನನಗೆ ಅತ್ತಿಗೆ, ನಾನು ಅವಳಿಗೆ 'ಅವ್ವ'. ಮನೆ ಕಟ್ಟಿಸಿದ ಮೇಲೆ ನಾನು ಕೇಳುವ ಮೊದಲೇ ಕೈ ಚಾಚಿ ಬೀಗದ ಕೈ ಇಸಿದುಕೊಂಡಳು. ಶುಕ್ರವಾರ ಶುಕ್ರವಾರ ಬಾಗಿಲು ತೆಗೆದು, ಗುಡಿಸಿ, ನೆಲ ಒರೆಸಿ, ದೇವರಿಗೆ ದೀಪ ಹಚ್ಚಿ ಬರುತ್ತಿದ್ದಳು. ದೀಪ ಕಾಣದ ಮನೆಯಲ್ಲಿ ಹಲ್ಲಿಯೂ ನಿಲ್ಲಲ್ಲ ಅನ್ನುತ್ತಿದ್ದಳು. ನಾನು ಊರಿಗೆ ಹೋಗಿ ಹೊರಡುವಾಗಲೆಲ್ಲ ಅವಳ ಹೊಸ್ತಿಲ ಮುಂದೆ ಸೆರಗು ಹಿಡಿದು ನಿಲ್ಲಬೇಕು. ಅವಳು ಮೊರದಲ್ಲಿ ಅಕ್ಕಿ ತಂದು, ತೆಂಗಿನಕಾಯಿ, ವೀಳ್ಯದೆಲೆ, ಬೆಲ್ಲದ ಅಚ್ಚು ಇಟ್ಟು ಮಡಿಲು ತುಂಬುತ್ತಿದ್ದಳು. ತವರಿಂದ ಹೆಣ್ಣು ಬರಿ ಸೆರಗಿನಲ್ಲಿ ಹೋಗಬಾರದಲ್ಲ! ಆ ಅಕ್ಕಿಯನ್ನು ನಾನು ಮಧುಗಿರಿಗೆ ತಂದು ಬೇರೆ ಡಬ್ಬಿಯಲ್ಲಿಟ್ಟು ಪಾಯಸ ಮಾಡುತ್ತಿದ್ದೆ.

ಹೋದ ವರ್ಷ ಕಾರ್ತೀಕದಲ್ಲಿ ಅತ್ತಿಗೆಯ ಅತ್ತೆ ತೀರಿಕೊಂಡಳು. ನಾವೆಲ್ಲ ಅಜ್ಜಿ ಅನ್ನುತ್ತಿದ್ದವಳು. ತುಂಬು ವಯಸ್ಸು, ಎರಡು ದಿನ ಮಲಗಿ ಮೂರನೆಯ ದಿನ ಹೋದಳು. ಅಷ್ಟೇ ಆಗಿದ್ದರೆ ಅದು ಒಳ್ಳೆಯ ಸಾವು. ಆದರೆ ಅಯ್ನೋರು ಪಂಚಾಂಗ ನೋಡಿ ಧನಿಷ್ಠಾ ನಕ್ಷತ್ರ ಅಂದರು.

ನಮ್ಮ ಕಡೆ ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಆ ಮನೆಯಲ್ಲಿ ಇರುವಂತಿಲ್ಲ. ಕೆಲವಕ್ಕೆ ಮೂರು ತಿಂಗಳು, ಧನಿಷ್ಠೆಗೆ ಆರು ತಿಂಗಳು. ತಿಥಿ ಮುಗಿದ ಮೇಲೆ ಪಾತ್ರೆ ಪಡಗ, ಹಾಸಿಗೆ, ದೇವರ ಪಟ ಎಲ್ಲ ಹೊರಗೆ ತಂದು, ಬಾಗಿಲು ಹಾಕಿ, ಅಡ್ಡಕ್ಕೆ ಜಾಲಿ ಮುಳ್ಳು ಇಟ್ಟು ಹೊರಡಬೇಕು. ಗಡುವು ಮುಗಿಯುವವರೆಗೆ ಒಳಗೆ ಕಾಲಿಡುವಂತಿಲ್ಲ. ಹೆಂಚು ಜರುಗಿದರೆ ಹತ್ತಿ ಸರಿಮಾಡುವಂತೆಯೂ ಇಲ್ಲ. ನಾನು ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು, ಇದನ್ನೆಲ್ಲ ನಂಬುವುದಿಲ್ಲ ಅಂತ ಹೇಳಿಕೊಂಡು ತಿರುಗುವವಳು. ಆದರೆ ಊರಿನಲ್ಲಿ ನಿಂತು ಹಾಗೆ ಹೇಳುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ.

ಈ ಪದ್ಧತಿಯನ್ನು ನಾನು ಒಳಗಿನಿಂದಲೇ ಕಂಡವಳು. ನನಗೆ ಎಂಟು ವರ್ಷವಿದ್ದಾಗ ನಮ್ಮ ತಾತ ಇಂಥದೇ ಒಂದು ನಕ್ಷತ್ರದಲ್ಲಿ ಹೋದರು. ನಮಗೆ ಮೂರು ತಿಂಗಳು ಅಂದರು. ತಿಥಿ ಊಟದ ಎಲೆ ಎತ್ತುವ ಮೊದಲೇ ಎದುರು ಮನೆಯ ಅಜ್ಜಿ, ಆಗಿನ್ನೂ ಅಜ್ಜಿಯಾಗಿರಲಿಲ್ಲ, ದಬದಬ ನಡೆದು ಬಂದು ನಮ್ಮ ಹಾಸಿಗೆಗಳನ್ನು ಸುತ್ತಿ ತಲೆಯ ಮೇಲೆ ಹೊತ್ತುಕೊಂಡು ರಸ್ತೆ ದಾಟಿದಳು. ನಮ್ಮಮ್ಮ ಬಾಯಿ ಬಿಟ್ಟು ಕೇಳಿದ್ದೇ ಇಲ್ಲ. ಅವರ ಮನೆಯಲ್ಲಿದ್ದದ್ದು ಪಡಸಾಲೆ, ನಡುಮನೆ, ಒಂದು ಕೋಣೆ. ನಡುಮನೆ ನಮಗೆ ಬಿಟ್ಟು ಅವರು ಪಡಸಾಲೆಗೆ ಬಂದರು. ಮೂರು ತಿಂಗಳು ನಾನು ಆ ಅಜ್ಜಿಯ ಕಂಬಳಿಯೊಳಗೆ ಅವಳ ಬೆನ್ನಿಗೆ ಅಂಟಿಕೊಂಡು ಮಲಗಿದ್ದೇನೆ. ಕುರಿ ಉಣ್ಣೆಯ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನಗೆ ನಿದ್ದೆ ಬರುತ್ತದೆ.

ತಿಥಿಗೆ ನಾನು ಹೋಗಿದ್ದೆ. ಊಟ ಮುಗಿಸಿ ನನ್ನ ಮನೆಯ ಮುಂದೆ ಬಂದು ನಿಂತಿದ್ದೆ. ಅತ್ತಿಗೆ ರಸ್ತೆ ದಾಟಿ ಬಂದು ಗೇಟಿನ ಹೊರಗೇ ನಿಂತಳು. ಒಳಗೆ ಕರೆದರೂ ಬರಲಿಲ್ಲ.

"ಅವ್ವ, ನಿನ್ನ ಒಂದ್ ಮಾತು ಕೇಳ್ಬೇಕಿತ್ತು."

"ಹೇಳು ಅತ್ತಿಗೆ."

"ನಾವು ಹೊಲದಾಗೆ ಕುರಿ ರೊಪ್ಪದ ತಾವ ಶೀಟ್ ಹಾಕ್ಕಂಡು ಇದ್ಬುಡ್ತೀವಿ ಕಣವ್ವ. ನಿಮ್ಮಣ್ಣಂಗೂ ನಂಗೂ ಎಲ್ಲಾದ್ರೂ ಆಯ್ತದೆ. ಮಗ್ಳುದೇ ಯೋಚ್ನೆ. ಸಂಕ್ರಾಂತಿ ಹೊತ್ಗೆ ಹೆರಿಗೆ ಅಂದವ್ರೆ. ಚೊಚ್ಚಲು. ತವರಿಗೆ ಕರ್ಕಂಬರ್ದೆ ಇದ್ರೆ ಹೆಂಗೆ ಹೇಳು? ನಿನ್ ಮನೆ ಹಿಂದ್ಲು ರೂಮು ಒಂದು ಕೊಟ್ರೆ ಬಾಣಂತನ ಮುಗ್ಸಿ ಕಳಿಸ್ಬುಡ್ತೀನಿ."

ನನ್ನ ಕಣ್ಣು ಮನೆಯ ಕಡೆ ಹೋಯಿತು. ಅವಳು ನನ್ನ ಮುಖ ನೋಡಿದಳು. ನಾನು ಕೇಳದಿದ್ದ ಪ್ರಶ್ನೆಗೂ ಉತ್ತರ ಕೊಟ್ಟಳು.

"ಗೋಡೆಗೆ ಒಂಚೂರೂ ಮಸಿ ಹತ್ತದಂಗೆ ನೋಡ್ಕತೀನಿ. ನೀರು ಹೊರಗ್ಲೇ ಕಾಯಿಸ್ತೀನಿ."

"ಇವರನ್ನ ಒಂದು ಮಾತು ಕೇಳಿ ಹೇಳ್ತೀನಿ ಅತ್ತಿಗೆ" ಅಂದೆ.

"ಕೇಳವ್ವ, ಕೇಳ್ಬುಟ್ಟೇ ಹೇಳು. ಅವಸ್ರ ಏನಿಲ್ಲ" ಅಂದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ, "ದೀಪದ ಎಣ್ಣೆ ತಳ ಹತ್ತೈತೆ, ಬರೋವಾಗ ಒಂದ್ ಬಾಟ್ಲು ತಂದಿಡು" ಅಂದಳು. ಆ ಮಗಳು ಅಣ್ಣ ಅತ್ತಿಗೆಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹರಕೆಯಿಂದ ಹುಟ್ಟಿದವಳು, ಒಬ್ಬಳೇ. ಪಾವಗಡದ ಆಚೆ ಆಂಧ್ರದ ಗಡಿಯ ಹತ್ತಿರದ ಊರಿಗೆ ಕೊಟ್ಟಿದ್ದರು.

ಇನ್ನು ನಿಜ ಹೇಳುತ್ತೇನೆ. ನಾನು ನನ್ನ ಗಂಡನನ್ನು ಕೇಳಲೇ ಇಲ್ಲ. ಅವತ್ತೂ ಇಲ್ಲ, ಮಾರನೆಯ ದಿನವೂ ಇಲ್ಲ. ಕೇಳಿದರೆ ಅವರು ಹೂಂ ಅಂದುಬಿಡುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಅವರು ಪೇಪರ್ ಓದುತ್ತಾ ಎಲ್ಲದಕ್ಕೂ ಹೂಂ ಅನ್ನುವ ಮನುಷ್ಯ.

ಒಳಗೊಳಗೇ ಕಾರಣಗಳನ್ನು ಕಟ್ಟಿದೆ. ಗೃಹಪ್ರವೇಶವಾಗಿ ವರ್ಷ ತುಂಬಿಲ್ಲ, ಸಾವಿನ ಮನೆಯವರನ್ನು ಹೊಸ ಮನೆಗೆ ಕರೆಯಬಹುದೋ ಬಾರದೋ ಅಂದುಕೊಂಡೆ. ನಕ್ಷತ್ರ ನಂಬದವಳಿಗೆ ಆ ಹೊತ್ತಿಗೆ ನಕ್ಷತ್ರ ಬೇಕಾಯಿತು. ಬಾಣಂತಿಯ ಕೋಣೆ ಅಂದರೆ ಸಾಂಬ್ರಾಣಿ ಹೊಗೆ, ಕೆಂಡ, ಎಣ್ಣೆ ನೀರು. ಬಿಳಿ ಗೋಡೆ ಏನಾದೀತು ಅನ್ನಿಸಿತು. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಾಗ ಒಬ್ಬರು "ಕೊಡೋದು ಸುಲಭ ಮೇಡಂ, ಬಿಡಿಸೋದು ಹೇಗೆ?" ಅಂದರು. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಜ್ಜಿಯ ಕಂಬಳಿಯೊಳಗೆ ಮಲಗಿದ್ದು ನೆನಪಾಗಲಿಲ್ಲವೇ ಅಂತ ಕೇಳಬಹುದು. ನೆನಪಾಯಿತು. ನೆನಪಾಗಿಯೂ ಫೋನ್ ಮಾಡಲಿಲ್ಲ.

ಎಲ್ಲಕ್ಕಿಂತ ಕೆಳಗೆ ಇದ್ದ ಕಾರಣ ಇಷ್ಟೇ. ಜೀವಮಾನದಲ್ಲಿ ಒಂದೇ ಒಂದು ಮನೆ ನನ್ನದು ಅಂತ ಆಗಿತ್ತು. ಅದನ್ನು ನಾನಿಟ್ಟ ಹಾಗೇ ಇರಲಿ ಅಂತ ಆಸೆ. ಬೇರೆ ಯಾರೋ ಬಂದು ಉಪ್ಪಿನ ಜಾಡಿ ಸರಿಸುವುದು ನನಗೆ ಬೇಡವಾಗಿತ್ತು.

ಮಾರ್ಗಶಿರ ಹೋಯಿತು. ಅತ್ತಿಗೆ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಮನೆಯ ಮಾತು ಎತ್ತಲಿಲ್ಲ. ಪೈಪಿನಲ್ಲಿ ನೀರು ಸೋರುತ್ತಿದೆ, ಅಣ್ಣ ಬಟ್ಟೆ ಸುತ್ತಿದ್ದಾರೆ ಅಂತ ಒಂದು ಸಲ. ಗೇಟಿನ ಹತ್ತಿರ ದಾಸವಾಳ ಬಿಟ್ಟಿದೆ ಅಂತ ಇನ್ನೊಂದು ಸಲ. ಅವರು ಬೇರೆ ಕಡೆಯೂ ಕೇಳಿದರು ಅಂತ ಆಮೇಲೆ ತಿಳಿಯಿತು. ಕಂಟ್ರಾಕ್ಟರರ ಮನೆ ಕಾಯುವವನು "ಓನರ್ ಒಪ್ಪಲ್ಲ" ಅಂದನಂತೆ. ಬೆಂಗಳೂರಿನವರು ಫೋನೇ ಎತ್ತಲಿಲ್ಲವಂತೆ. ಪಂಚಾಯ್ತಿಯಲ್ಲಿ ಕೇಳಿದರೆ ನಿಮ್ಮ ಹೆಸರಿನಲ್ಲಿ ಮನೆ ಇದೆಯಲ್ಲ ಅಂದರಂತೆ. ಅದೂ ಸುಳ್ಳಲ್ಲ, ಮುಳ್ಳು ಇಟ್ಟ ಮನೆಯೂ ಕಾಗದದಲ್ಲಿ ಮನೆಯೇ. ಕೊರಟಗೆರೆಯಲ್ಲಿ ಬಾಡಿಗೆಗೆ ಹೋದರೆ ಕುರಿ ನೋಡುವವರು ಯಾರು? ಹಿಂದೆ ಇಂಥ ಹೊತ್ತಿನಲ್ಲಿ ಊರಿನಲ್ಲಿ ಯಾರದಾದರೂ ಒಂದು ಹಿತ್ತಲ ಕೋಣೆಯೋ ಹುಲ್ಲಿನ ಮನೆಯೋ ಇದ್ದೇ ಇರುತ್ತಿತ್ತು. ಅವನ್ನೆಲ್ಲ ಕೆಡವಿ ನಮ್ಮಂಥವರು ಗೇಟು ಹಾಕಿಸಿದ್ದೇವೆ.

ಸಂಕ್ರಾಂತಿ ಕಳೆದು ವಾರಕ್ಕೆ ಹೆಣ್ಣು ಮಗು ಹುಟ್ಟಿತು, ಆಸ್ಪತ್ರೆಯಿಂದ ಹೊಲದ ಶೆಡ್ಡಿಗೆ ಕರೆತಂದಿದ್ದಾರೆ ಅಂತ ಊರಿನ ಒಬ್ಬರು ಮಧುಗಿರಿ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಆ ಭಾನುವಾರ ಒಬ್ಬಳೇ ಬಸ್ಸು ಹತ್ತಿದೆ. ಮಗುವಿಗೆ ಒಂದು ಸ್ವೆಟರು, ಟೋಪಿ ಕೊಂಡಿದ್ದೆ, ಅತ್ತಿಗೆ ಹೇಳಿದ್ದ ದೀಪದ ಎಣ್ಣೆಯನ್ನೂ.

ಊರಿಗೆ ಹೋಗಿ ಮೊದಲು ನೋಡಿದ್ದು ಮಗುವನ್ನಲ್ಲ. ನನ್ನ ಹತ್ತಿರವೂ ಒಂದು ಬೀಗದ ಕೈ ಇತ್ತು, ಬಾಗಿಲು ತೆಗೆದು ಒಳಗೆ ಹೋದೆ. ಕೈಯಲ್ಲಿ ಬೀಗದ ಕೈ ಇಟ್ಟುಕೊಂಡು ಯಾರಾದರೂ ಚಳಿಯಲ್ಲಿ ಬಾಣಂತಿಯನ್ನು ತಗಡಿನಡಿ ಮಲಗಿಸುತ್ತಾರೆಯೇ, ಸದ್ದಿಲ್ಲದೆ ಬಂದು ಹೋಗುತ್ತಿರಬೇಕು ಅನ್ನುವ ಗುಮಾನಿ ನನಗೆ. ಹಿಂದಿನ ರೂಮಿನ ಮಂಚದ ಹಾಸಿಗೆ ಮುಟ್ಟಿ ನೋಡಿದೆ. ಬಚ್ಚಲಿಗೆ ಹೋದೆ. ನಾನು ದಸರೆಯಲ್ಲಿ ತಂದಿಟ್ಟ ಸೋಪು ಕಾಗದದೊಳಗೇ ಇತ್ತು. ಬಕೆಟ್ಟು ಒಣಗಿ ಬೋರಲು ಬಿದ್ದಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಗ್ಯಾಸ್ ಸಿಲಿಂಡರನ್ನು ಎರಡು ಕೈಯಲ್ಲಿ ಎತ್ತಿ ತೂಕ ನೋಡಿದೆ. ತುಂಬಿದ ಸಿಲಿಂಡರು, ಸೊಂಟ ಹಿಡಿಯಿತು. ಉಪ್ಪಿನ ಜಾಡಿ ಕಿಟಕಿಯ ಪಕ್ಕದಲ್ಲೇ ಇತ್ತು. ದೇವರ ಮುಂದೆ ದೀಪದಲ್ಲಿ ಸುಟ್ಟ ಬತ್ತಿ, ಒಣಗಿದ ದಾಸವಾಳ. ನೆಲದ ಮೇಲೆ ಒಂದು ಕೂದಲೂ ಇರಲಿಲ್ಲ. ಬಾಣಂತಿ ಮಗಳನ್ನು ಶೆಡ್ಡಿನಲ್ಲಿ ಬಿಟ್ಟು ಬಂದು ಅತ್ತಿಗೆ ನನ್ನ ಖಾಲಿ ಮನೆ ಒರೆಸಿ ಹೋಗಿದ್ದಳು.

ಸೊಂಟ ಹಿಡಿದುಕೊಂಡೇ ಹೊಲಕ್ಕೆ ಹೋದೆ. ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಕುರಿ ರೊಪ್ಪದ ಬೇಲಿಗೆ ಒತ್ತಿಕೊಂಡು ನಾಲ್ಕು ಕಂಬ, ಮೇಲೆ ತಗಡು, ಸುತ್ತ ನೀಲಿ ಟಾರ್ಪಾಲು, ಅದರ ಸಂದಿಗೆಲ್ಲ ಹಳೆ ಕಂಬಳಿ ತುರುಕಿದ್ದರು. ಒಳಗೆ ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಗಾಳಿ ಬರುವ ಕಡೆಗೆ ಬೆನ್ನು ಮಾಡಿ ಕೂತಿದ್ದಳು. ಮಧ್ಯದ ಬಿದಿರಿಗೆ ಸೀರೆಯ ಜೋಲಿ ಕಟ್ಟಿ ಮಗು ಹಾಕಿದ್ದರು. ಅದೇ ಬಿದಿರಿಗೆ ಹೊಡೆದ ಮೊಳೆಯಲ್ಲಿ ನನ್ನ ಮನೆಯ ಬೀಗದ ಕೈ ನೇತಾಡುತ್ತಿತ್ತು. ಗೃಹಪ್ರವೇಶಕ್ಕೆ ಯಾರೋ ಕೊಟ್ಟ ಹಿತ್ತಾಳೆ ಆನೆಯ ಕೀಚೈನು. ಜೋಲಿ ತೂಗಿದಾಗಲೆಲ್ಲ ಅದು ಕಂಬಕ್ಕೆ ಟಣ್ ಟಣ್ ಅನ್ನುತ್ತಿತ್ತು, ಮಗು ಆ ಸದ್ದಿಗೆ ಕಣ್ಣು ಬಿಡುತ್ತಿತ್ತು.

ಅತ್ತಿಗೆ ನನ್ನನ್ನು ಕಂಡದ್ದೇ ಹಿಗ್ಗಿಹೋದಳು. "ನೋಡೇ ಕೂಸೇ, ಟೀಚರಮ್ಮ ಬಂದವ್ಳೆ" ಅಂತ ಮಗುವನ್ನು ನನ್ನ ತೊಡೆಗೆ ಹಾಕಿದಳು. ಮಗುವಿನ ಕಾಲು ತಣ್ಣಗಿತ್ತು. ಸ್ವೆಟರು ಹಾಕಿದೆ, ದೊಡ್ಡದಾಯಿತು.

ಆಗಲೂ ಹೇಳಬಹುದಿತ್ತು. ಬೀಗದ ಕೈ ಎರಡು ಮಾರು ದೂರದಲ್ಲಿತ್ತು, ಏಳಿ ಹೋಗೋಣ ಅಂದಿದ್ದರೆ ಸಾಕಿತ್ತು. ಆದರೆ ಹಾಗಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವುದಕ್ಕೆ ಉತ್ತರ ಬೇಕು. ಹೆದರಿ ನಾನು ಇನ್ನೊಂದು ಸುಳ್ಳು ಹೇಳಿದೆ.

"ಇವರು ಇನ್ನೂ ಏನೂ ಹೇಳಿಲ್ಲ ಅತ್ತಿಗೆ."

"ಆಯ್ತು ಬುಡು ಕಣವ್ವ, ಗಂಡುಸ್ರಿಗೆ ಏನೇನ್ ಯೋಚ್ನೆ ಇರ್ತವೋ. ನೀನ್ಯಾಕೆ ಅದಕ್ಕೆ ಮುಖ ಸಣ್ಣಗ್ ಮಾಡ್ಕತೀಯಾ? ಇಲ್ಲೇನು ಕಮ್ಮಿ ಆಗೈತೆ ನಮ್ಗೆ?"

ಹೊರಡುವಾಗ ನಾನು ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡೆ. ಅಂಥ ಕಡೆ ಮಡಿಲು ತುಂಬಿಸಿಕೊಳ್ಳುವ ಮಾತೆಲ್ಲಿಂದ ಬಂತು? ಅತ್ತಿಗೆ ಹಿಂದಿನಿಂದ ಕೂಗಿದಳು. ಟ್ರಂಕಿನ ಮೇಲೆ ಮೊರ ಆಗಲೇ ಸಿದ್ಧವಾಗಿತ್ತು, ಅಕ್ಕಿ, ಕಾಯಿ, ಬೆಲ್ಲ. ನಾನು ಹಿಂದೆ ಸರಿದೆ.

"ಮನೆ ಮುಚ್ಚಿದ್ರೆ ತವರೂ ಮುಚ್ತದಾ? ಹಿಡಿಯವ್ವ ಸೆರಗ" ಅಂತ ಗದರಿದಳು.

ಸೆರಗು ಹಿಡಿದೆ. ಆ ಅಕ್ಕಿಯಲ್ಲಿ ಮಧುಗಿರಿಯಲ್ಲಿ ಪಾಯಸ ಮಾಡಲು ಕೈ ಬರಲಿಲ್ಲ. ಡಬ್ಬಿಯಲ್ಲೇ ಹುಳು ಹಿಡಿಯಿತು.

ಅದಾದ ಎರಡು ವಾರಕ್ಕೆ ಪಾವಗಡದ ಕಡೆಯಿಂದ ಬೀಗರು ಮಗು ನೋಡಲು ಬಂದರು. ಬಂದವರು ಶೆಡ್ಡು ನೋಡಿ ಕೂರಲಿಲ್ಲವಂತೆ. ಬಾಣಂತಿಯನ್ನೂ ಮಗುವನ್ನೂ ಅದೇ ವ್ಯಾನಿನಲ್ಲಿ ಕರೆದುಕೊಂಡು ಹೊರಟರು. ಅವತ್ತು ಸಂಜೆ ಅತ್ತಿಗೆ ಫೋನ್ ಮಾಡಿದಳು.

"ಮೂರ್ ತಿಂಗ್ಳೂ ಆಗ್ಲಿಲ್ಲ ಕಣವ್ವ, ಒಂದ್ ತಿಂಗ್ಳೂ ಆಗ್ಲಿಲ್ಲ. 'ಪುಟ್ಟಿಲ್ಲು ಲೇದಾ ನೀಕು' ಅಂದ್ಲು ಅವ್ಳತ್ತೆ. ತವರು ಇಲ್ವಾ ನಿಂಗೆ ಅಂತ. ನನ್ ಮಗ್ಳು ತಲೆ ತಗ್ಗಿಸ್ಕಂಡು ವ್ಯಾನ್ ಹತ್ತುದ್ಲು. ನಾನು ಬದುಕಿದ್ದೀನಿ, ನಿಮ್ಮಣ್ಣ ಬದುಕವ್ನೆ, ಅಂಗಂದ್ಬುಟ್ರಲ್ಲ."

ಅವಳು ಹಾಗೆ ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ. ತವರು ಬೇಕು ಅಂತ ಕಲ್ಲು ಸಿಮೆಂಟು ತಂದು ಕಟ್ಟಿದವಳು ನಾನು. ಇನ್ನೊಬ್ಬಳಿಗೆ ತವರಿಲ್ಲ ಅನ್ನಿಸಿದವಳೂ ನಾನೇ. ಫೋನ್ ಹಿಡಿದು ಸುಮ್ಮನೆ ಹೂಂ ಹೂಂ ಅಂದೆ.

ಬೇಸಗೆ ಮಳೆ ಈ ವರ್ಷ ಜೋರಾಗಿ ಬಂತು. ಆರು ತಿಂಗಳ ಗಡುವಿಗೆ ಇನ್ನು ಹತ್ತೇ ದಿನವಿತ್ತು. ಶಾಂತಿ ಮಾಡಿಸಿ ಹಾಲು ಉಕ್ಕಿಸಲು ದಿನವನ್ನೂ ಕೇಳಿಸಿದ್ದರು. ಎದುರು ಮನೆಯ ಹೆಂಚು ಎಲ್ಲೋ ಜರುಗಿ ನೀರು ನೇರ ಮಣ್ಣಿನ ಗೋಡೆಗೆ ಇಳಿಯಿತು. ಅಣ್ಣ ಪ್ರತಿ ದಿನ ಬಂದು ರಸ್ತೆಯಲ್ಲಿ ನಿಂತು ನೋಡುತ್ತಿದ್ದನಂತೆ, ಹತ್ತಿ ಸರಿಮಾಡುವಂತಿಲ್ಲ. ಒಂದು ಮಧ್ಯಾಹ್ನ ನಡುಮನೆಯ ಗೋಡೆ ಕೂತಿತು, ಅದರ ಹಿಂದೆ ತೊಲೆ, ತೊಲೆಯ ಹಿಂದೆ ಸೂರು. ನಾವು ಮೂರು ತಿಂಗಳು ಮಲಗಿದ್ದ ನಡುಮನೆ. ಬಾಗಿಲು ಮಾತ್ರ ನಿಂತಿತ್ತು, ಅಡ್ಡಕ್ಕಿಟ್ಟ ಮುಳ್ಳಿನ ಸಮೇತ.

ಮತ್ತೆ ಕಟ್ಟಿಸುವುದು ಅವರಿಂದಾಗಲಿಲ್ಲ. ಪಕ್ಕದ ಬೆಂಗಳೂರಿನವರು ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದರು, ನಿವೇಶನವನ್ನು ಅವರೇ ಕೊಂಡರು. ಅಣ್ಣ ಅತ್ತಿಗೆ ಕುರಿಗಳನ್ನು ಹೊಡೆದುಕೊಂಡು ಬರಗೂರಿಗೆ, ಅತ್ತಿಗೆಯ ತಮ್ಮನ ಮನೆಗೆ ಹೊರಟರು. ಐವತ್ತೈದು ದಾಟಿದ ಮೇಲೆ ಹೆಂಗಸು ಹೊರೆ ಕಟ್ಟಿಕೊಂಡು ತವರಿಗೆ ಹೋಗುವುದೆಂದರೇನು ಅಂತ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೋಗುವ ಮುಂಚೆ ಅವಳು ಊರಿನವರ ಕೈಯಲ್ಲಿ ಮಧುಗಿರಿಗೆ ಒಂದು ಬಟ್ಟೆಯ ಚೀಲ ಕಳಿಸಿದಳು. ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿದೆ. ಹಿತ್ತಾಳೆ ಆನೆಯ ಬೀಗದ ಕೈ, ಒಂದು ಕಡ್ಡಿಪೆಟ್ಟಿಗೆ, ಹೊಸೆದಿಟ್ಟ ಬತ್ತಿಗಳು, ಬಾಟಲಿಯಲ್ಲಿ ಅರ್ಧ ಉಳಿದ ದೀಪದ ಎಣ್ಣೆ. ನಾನು ತಂದುಕೊಟ್ಟ ಎಣ್ಣೆಯಲ್ಲಿ ಉಳಿದದ್ದನ್ನೂ ಅವಳು ಇಟ್ಟುಕೊಂಡಿರಲಿಲ್ಲ.

ಗಂಡ ಪೇಪರಿನಿಂದ ತಲೆ ಎತ್ತಿ ಏನದು ಅಂದರು. ನಾನು ಎಲ್ಲವನ್ನೂ ಹೇಳಿದೆ. ಅವರು ಪೇಪರು ಮಡಿಚಿಟ್ಟರು.

"ನನ್ನನ್ನ ಯಾವಾಗ ಕೇಳಿದೆ ನೀನು?"

"ಕೇಳಲಿಲ್ಲ."

"ಕೇಳಿದ್ರೆ ನಾನು ಬೇಡ ಅಂತಿದ್ನಾ?"

"ಇಲ್ಲ."

ಅವರು ಬೈಯಲಿಲ್ಲ. ಬಾಟಲಿಯ ಮುಚ್ಚಳ ಬಿಗಿ ಮಾಡಿ ದೇವರ ಮನೆಯಲ್ಲಿಟ್ಟು ಬಂದರು. ಊರಿನಲ್ಲಿ ಆ ಹೆಂಗಸಿನ ಕಣ್ಣಿಗೆ ಆರು ತಿಂಗಳು ತಾವು ಕಲ್ಲು ಮನಸ್ಸಿನವರಾಗಿದ್ದುದು ಅವರಿಗೆ ಅವತ್ತು ಗೊತ್ತಾಯಿತು.

ಆಷಾಢ ಕಳೆದ ಮೇಲೆ ನಾನು ಬರಗೂರಿಗೆ ಹೋದೆ. ಮಧುಗಿರಿಯಿಂದ ಶಿರಾ, ಅಲ್ಲಿಂದ ಇನ್ನೊಂದು ಬಸ್ಸು. ಎರಡೂ ಕಡೆ ಶೇಂಗಾ ಹೊಲ, ಮಳೆ ಕಾಯುತ್ತಿದ್ದವು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಪಾಠ ತಯಾರಿ ಮಾಡಿದ ಹಾಗೆ ತಯಾರಿ ಮಾಡಿಕೊಂಡೆ. ಅತ್ತಿಗೆಯ ತಮ್ಮನ ಮನೆ ಚಿಕ್ಕದು, ಪಡಸಾಲೆಯ ಪಕ್ಕದ ಒಂದು ಕೋಣೆ ಇವರಿಗೆ ಬಿಟ್ಟಿದ್ದರು. ಟ್ರಂಕು, ಮೊರ, ಕಂಬಳಿ ಎಲ್ಲ ಒಂದರ ಮೇಲೊಂದು. ಅತ್ತಿಗೆ ಇಳಿದುಹೋಗಿದ್ದಳು. ನಗು ಮಾತ್ರ ಮೊದಲಿನದೇ.

ನಾನು ತಯಾರಿ ಮಾಡಿಕೊಂಡದ್ದೆಲ್ಲ ಮರೆತುಹೋಯಿತು. ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟೆ.

"ಅತ್ತಿಗೆ, ಇವರನ್ನ ನಾನು ಕೇಳಲೇ ಇರಲಿಲ್ಲ. ಇವರದೇನೂ ತಪ್ಪಿಲ್ಲ. ಮನೆ ಕೊಡೋಕೆ ನನಗೇ ಮನಸ್ಸು ಬರಲಿಲ್ಲ. ಈಗ ಬಂದುಬಿಡಿ. ಎರಡು ರೂಮೂ ನಿಮ್ಮದೇ. ಎಷ್ಟು ವರ್ಷ ಬೇಕಾದರೂ ಇರಿ. ಮಗಳನ್ನ ಕರೆಸಿಕೊಳ್ಳಿ."

ಅವಳು ಹಿತ್ತಾಳೆ ಆನೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತಳು. ಸಿಟ್ಟು ಬರಬಹುದು ಅಂತ ಕಾದೆ. ಬರಲಿಲ್ಲ.

"ಗೊತ್ತಿತ್ತು ಬುಡು ಕಣವ್ವ" ಅಂದಳು. "ಹೊಸ ಮನೆ, ಆಸೆ ಇರ್ತದೆ."

"ಬರ್ತೀರಾ?"

"ನಿಮ್ಮಣ್ಣನ್ನ ಒಂದ್ ಮಾತು ಕೇಳಿ ಹೇಳ್ತೀನಿ."

ಅದರಲ್ಲಿ ಕೊಂಕಿರಲಿಲ್ಲ. ಕೊಂಕು ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬೀಗದ ಕೈಯನ್ನು ಮಾತ್ರ ನನ್ನ ಕೈಗೇ ವಾಪಸು ಇಟ್ಟು ನನ್ನ ಬೆರಳುಗಳನ್ನು ಮಡಿಚಿದಳು. ಅವಳು ಅಣ್ಣನನ್ನು ಕೇಳುವುದಿಲ್ಲ ಅನ್ನುವುದು ನನಗೆ ಅಲ್ಲೇ ತಿಳಿಯಿತು.

ಕಾಫಿ ಕುಡಿದು ಎದ್ದೆ. ಇಪ್ಪತ್ತಾರು ವರ್ಷದ ಅಭ್ಯಾಸ ನೋಡಿ, ಹೊಸ್ತಿಲ ಹತ್ತಿರ ಬಂದದ್ದೇ ನನ್ನ ಕೈ ತಾನಾಗಿ ಸೆರಗನ್ನು ಮುಂದಕ್ಕೆ ಎಳೆದುಕೊಂಡಿತು. ಅತ್ತಿಗೆ ಅದನ್ನು ನೋಡಿದಳು. ಗೋಡೆಗೆ ಒರಗಿಸಿದ್ದ ಮೊರ ಎತ್ತಿಕೊಂಡು ಎರಡು ಹೆಜ್ಜೆ ಅಡುಗೆ ಮನೆಯ ಕಡೆ ಹೋದಳು. ಒಳಗೆ ಅವಳ ತಮ್ಮನ ಹೆಂಡತಿ ರೊಟ್ಟಿ ತಟ್ಟುತ್ತಿದ್ದ ಸದ್ದು. ಅತ್ತಿಗೆ ನಿಂತಳು. ಹಾಗೇ ವಾಪಸು ಬಂದು ಮೊರವನ್ನು ಅದರ ಜಾಗದಲ್ಲಿಟ್ಟಳು.

"ಅಕ್ಕಿ ಅವ್ರುದು ಕಣವ್ವ" ಅಂದಳು ಮೆಲ್ಲಗೆ. "ಕೇಳಕ್ಕೆ ಒಂಥರಾ ಆಯ್ತದೆ. ಇನ್ನೊಂದ್ ಸಲ ಬಂದಾಗ ತುಂಬ್ತೀನಿ."

ಹಣೆಗೆ ಕುಂಕುಮ ಇಟ್ಟು ಕಳಿಸಿದಳು. ರಸ್ತೆಯ ತಿರುವಿನವರೆಗೂ ಬಾಗಿಲಲ್ಲೇ ನಿಂತಿದ್ದಳು. ಶಿರಾ ಬಸ್ಸು ಬರುವ ತನಕ ನಾನು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು "ಏನಮ್ಮ, ಏನಾದ್ರೂ ಬೀಳ್ಸ್ಕಂಡ್ರಾ?" ಅಂತ ಕೇಳಿದ ಮೇಲೆಯೇ ಗೊತ್ತಾದದ್ದು, ನಾನಿನ್ನೂ ಸೆರಗನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಇದ್ದೆ.